ಹೆಚ್ಚುವರಿ ಜನ ಯಾರು?

1

ನಮ್ಮ ಆಯಿ ಒಂದು ಮಾತನ್ನು ಆಗಾಗ ಹೇಳುತ್ತಿದ್ದಳು: 'ಆ ಜಡ್ಡಿನ ವರ್ಸ ಒಂದ ನೋಡಪಾ, ನಮ್ಮ ಕೈಗೆ ಬೆಲಿ ಬಂದಿದ್ದು.' ಅವಳಿಗೆ ಇಸವಿ ಗೊತ್ತಿರಲಿಲ್ಲ. 'ದೊಡ್ಡ ಲಡಾಯಿ ಮುಗಿಯೂ ಮುಂದ' ಅನ್ನುತ್ತಿದ್ದಳು. ಕಾಲೇಜಿಗೆ ಬಂದ ಮೇಲೆ ನಾನೇ ಲೆಕ್ಕ ಹಾಕಿ ನೋಡಿದೆ. ಅದು 1918ರ ಇನ್‌ಫ್ಲುಯೆಂಜಾ. ನಮ್ಮ ಹಳ್ಳಿ ಹುಬ್ಬಳ್ಳಿ ಕಡೆಯದು, ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು.

ಆಯಿಗೆ ಆಗ ಹತ್ತು ವರ್ಷ ಇದ್ದೀತು. ಕೇರಿಯಲ್ಲಿ ಒಲೆ ಹಚ್ಚುವವರಿಲ್ಲದ ಮನೆಗಳೇ ಹೆಚ್ಚಾಗಿದ್ದವಂತೆ. ಅವಳ ತಾಯಿ ಮತ್ತು ಒಬ್ಬ ತಮ್ಮ ಒಂದೇ ವಾರದಲ್ಲಿ ಹೋದರು. ಊರೊಳಗೂ ಸಾವು. ಸಾವಿನ ಸುದ್ದಿ ಮುಟ್ಟಿಸುವುದು, ಕುಣಿ ತೋಡುವುದು, ಕಟ್ಟಿಗೆ ಹೊರುವುದು, ಹಲಗೆ ಬಡಿಯುವುದು ಎಲ್ಲವೂ ನಮ್ಮವರ ಪಾಲಿನ ಚಾಕರಿ. ಚಾಕರಿ ಮಾಡುವವರೇ ಸತ್ತರೆ ಮಾಡುವವರು ಯಾರು? ಯಾವತ್ತೂ ಆಳಿನ ಕೈಲಿ ಹೇಳಿ ಕಳಿಸುತ್ತಿದ್ದ ಗೌಡರು ತಾವೇ ಕೇರಿಯ ಹುಣಸೆ ಮರದ ತನಕ ಬಂದು ನಿಂತು, 'ಬರ್ರಪಾ, ಏನ್ ಕೇಳ್ತೀರಿ ಕೊಡ್ತೀನಿ' ಅಂದರಂತೆ. ಅಚ್ಚೇರು ಜೋಳದ ಕೂಲಿ ಎರಡು ಸೇರಾಯಿತು. ಹತ್ತು ವರ್ಷದ ಹುಡುಗಿಗೂ ದೊಡ್ಡವರ ಕೂಲಿ ಕೊಟ್ಟರು.

'ಹಂಗ ಎಷ್ಟ್ ದಿನ ಕೊಟ್ರು ಆಯಿ?' ಅಂತ ನಾನು ಕೇಳಿದ್ದೆ.

'ಮುಂದಿನ ಸುಗ್ಗಿತನಾ. ಆಮ್ಯಾಲೆ ಮತ್ತ ಅಚ್ಚೇರು.'

ಇದನ್ನು ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯೂ ಇರುತ್ತಿತ್ತು, ನಾಚಿಕೆಯೂ ಇರುತ್ತಿತ್ತು. ತಾಯಿ ಸತ್ತ ವರ್ಷವನ್ನೇ ಹೊಟ್ಟೆ ತುಂಬ ಉಂಡ ವರ್ಷ ಎಂದು ನೆನೆಯಬೇಕಾದವಳ ನಾಚಿಕೆ ಅದು. ಆ ಹೆಮ್ಮೆ ಮತ್ತು ಆ ನಾಚಿಕೆಯನ್ನು ಚರಿತ್ರೆಯ ಪ್ರಶ್ನೆಯಾಗಿ ಎತ್ತಿಕೊಳ್ಳುವುದು ಈ ಲೇಖನದ ಉದ್ದೇಶ. ಸಾಂಕ್ರಾಮಿಕ ರೋಗ ಬಂದಾಗ ಒಂದು ನಾಡಿನ ಅರ್ಥವ್ಯವಸ್ಥೆ ಯಾರ ಹೆಗಲ ಮೇಲೆ ನಿಂತಿದೆ ಎಂಬುದು ಕೆಲವು ತಿಂಗಳ ಮಟ್ಟಿಗೆ ಎಲ್ಲರಿಗೂ ಕಾಣುತ್ತದೆ. ಆ ಹೆಗಲಿಗೆ ಬೆಲೆ ಬರುತ್ತದೆ. ಆಮೇಲೆ ಆ ಬೆಲೆಯನ್ನು ಇಳಿಸುವ ಕೆಲಸ ಶುರುವಾಗುತ್ತದೆ. ಕಾನೂನಿನಿಂದ ಇಳಿಸುತ್ತಾರೆ, ಜಾತಿಯಿಂದ ಇಳಿಸುತ್ತಾರೆ, ಕೊನೆಗೆ ಚರಿತ್ರೆ ಬರೆಯುವವರು ಲೇಖನಿಯಿಂದ ಇಳಿಸುತ್ತಾರೆ. ಮುಂಬಯಿ ಪ್ರಾಂತ ಮತ್ತು ಮೈಸೂರು ಸಂಸ್ಥಾನಗಳಲ್ಲಿ 1896ರಿಂದ 1920ರವರೆಗೆ ನಡೆದದ್ದನ್ನು ಈ ಕಣ್ಣಿನಿಂದ ನೋಡಬೇಕಾಗಿದೆ.

2

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಪ್ರದೇಶದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಬಂದರು, ಧಾನ್ಯದ ಉಗ್ರಾಣ, ಇಲಿ, ಒಂದರ ಮೇಲೊಂದು ಹೇರಿದಂಥ ಕೂಲಿಗಳ ಚಾಳು, ಎಲ್ಲವೂ ಅಲ್ಲಿದ್ದವು. 1897ರ ಫೆಬ್ರವರಿಯ ಹೊತ್ತಿಗೆ ಎಂಟು ಲಕ್ಷಕ್ಕೂ ಹೆಚ್ಚು ಜನರಿದ್ದ ಆ ನಗರವನ್ನು ಹೆಚ್ಚುಕಡಿಮೆ ಅರ್ಧದಷ್ಟು ಜನ ಬಿಟ್ಟು ಹೋಗಿದ್ದರು. ಹತ್ತಿ ಗಿರಣಿಗಳು ಆಳಿಲ್ಲದೆ ಬಾಯಿ ಬಿಟ್ಟವು. ತಿಂಗಳ ಸಂಬಳವನ್ನು ತಡಮಾಡಿ ಕೊಟ್ಟು ಕೂಲಿಯವನನ್ನು ಸಾಲಕ್ಕೆ ಕಟ್ಟಿಹಾಕುತ್ತಿದ್ದ ಅದೇ ಮಾಲೀಕರು ದಿನಗೂಲಿಯನ್ನು ಅವತ್ತವತ್ತೇ ಎಣಿಸಿ ಕೊಡಬೇಕಾಯಿತು. ಬೀದಿಯ ಮೂಲೆಯಲ್ಲಿ ನಿಂತು ಒಬ್ಬರ ಮೇಲೊಬ್ಬರು ಕೂಲಿ ಏರಿಸಿ ಆಳು ಹಿಡಿಯುವ ಹರಾಜು ನಡೆಯಿತು.

ಇನ್ನೊಂದು ಸಂಗತಿ ನಮಗೆ ಇದಕ್ಕಿಂತ ಮುಖ್ಯ. ರೋಗಿಗಳನ್ನು ಬಲವಂತವಾಗಿ ಬೇರೆಡೆಗೆ ಸಾಗಿಸುವ ಕಠಿಣ ನಿಯಮಗಳನ್ನು ನಗರಸಭೆ 1896ರ ಅಕ್ಟೋಬರಿನಲ್ಲಿ ಹೊರಡಿಸಿತು. ಅದೇ ತಿಂಗಳು ಅವುಗಳನ್ನು ಸಡಿಲ ಮಾಡಿತು. ಇದಕ್ಕೆ ಇದ್ದ ಕಾರಣಗಳಲ್ಲಿ ಒಂದು, ಮಲ ಹೊರುವ ಹಲಾಲ್‌ಖೋರರು ಊರು ಬಿಟ್ಟು ಹೋಗುತ್ತಾರೆ ಎಂಬ ಭಯ. ಅವರು ಹೋದರೆ ಮುಂಬಯಿಯಲ್ಲಿ ಯಾರೂ ವಾಸಿಸಲಾಗದು ಎಂಬುದು ಅಧಿಕಾರಿಗಳಿಗೆ ಅರ್ಥವಾಗಿತ್ತು. ಸಾಮ್ರಾಜ್ಯದ ದೊಡ್ಡ ಬಂದರೊಂದು ಮುಟ್ಟಿಸಿಕೊಳ್ಳದ ಜನರ ಪೊರಕೆಯ ಮೇಲೆ ನಿಂತಿದೆ ಎಂಬುದನ್ನು ಸಾಮ್ರಾಜ್ಯವೇ ಒಪ್ಪಿಕೊಂಡ ಕ್ಷಣ ಅದು. ನಮ್ಮ ಪಠ್ಯಪುಸ್ತಕಗಳಲ್ಲಿ ನಾನು ಆ ಕ್ಷಣವನ್ನು ಕಂಡಿಲ್ಲ.

ಪಠ್ಯಪುಸ್ತಕದಲ್ಲಿ ಇರುವುದು ಪುಣೆ. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಸೈನಿಕರು ಮನೆಮನೆ ನುಗ್ಗಿದರು, ಅಡುಗೆಮನೆ ದೇವರಮನೆ ಹೊಕ್ಕರು. ಜೂನ್ 22ರ ರಾತ್ರಿ ಚಾಪೇಕರ ಸಹೋದರರು ಪ್ಲೇಗ್ ಅಧಿಕಾರಿ ರ್‍ಯಾಂಡ್‌ಗೆ ಗುಂಡು ಹೊಡೆದರು. ಟಿಳಕರಿಗೆ ರಾಜದ್ರೋಹದ ಆರೋಪದಲ್ಲಿ ಹದಿನೆಂಟು ತಿಂಗಳ ಶಿಕ್ಷೆಯಾಯಿತು. ರಾಷ್ಟ್ರೀಯತೆಯ ಚರಿತ್ರೆಯಲ್ಲಿ ಪ್ಲೇಗು ಅಂದರೆ ಇಷ್ಟೇ. ವಸಾಹತುಶಾಹಿಯ ದಬ್ಬಾಳಿಕೆ ಸುಳ್ಳಲ್ಲ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಅದೇ ಪುಣೆಯ ಅಂಚಿನಲ್ಲಿ, ರ್‍ಯಾಂಡ್ ಸಾಯುವ ಮೂರು ತಿಂಗಳ ಹಿಂದೆ, ಸಾವಿತ್ರಿಬಾಯಿ ಫುಲೆ ಮುಂಢವಾದ ಮಹಾರರ ಕೇರಿಯಿಂದ ರೋಗಬಡಿದ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಮ್ಮ ಮಗ ಯಶವಂತನ ಚಿಕಿತ್ಸಾಲಯಕ್ಕೆ ತಂದರು. ಅದೇ ರೋಗ ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ಒಂದು ಚರಿತ್ರೆಯಲ್ಲಿ ಪ್ರಶ್ನೆ, ನಮ್ಮ ಮನೆಯ ಹೊಸ್ತಿಲನ್ನು ಯಾರು ಮೈಲಿಗೆ ಮಾಡಿದರು ಎಂಬುದು. ಇನ್ನೊಂದರಲ್ಲಿ, ಹೊಸ್ತಿಲೇ ಇಲ್ಲದವರನ್ನು ಯಾರು ಹೊತ್ತು ತಂದರು ಎಂಬುದು. ಬಹುಕಾಲ ನಮಗೆ ಮೊದಲನೆಯದನ್ನು ಮಾತ್ರ ಕಲಿಸಿದರು.

ನಮ್ಮ ಸಾಹಿತ್ಯ ವಿಮರ್ಶೆಯೂ ಇದರಿಂದ ಹೊರತಲ್ಲ. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಬಂದ ಕಾದಂಬರಿ. ಅದರಲ್ಲಿ ಅಗ್ರಹಾರಕ್ಕೆ ಬಂದ ಪ್ಲೇಗು ಹೊಲಗೇರಿಗೂ ಬರುತ್ತದೆ. ಬೆಳ್ಳಿಯ ತಾಯಿತಂದೆ ಸತ್ತು, ಹೆಣದ ಸಮೇತ ಗುಡಿಸಲಿಗೆ ಬೆಂಕಿ ಬೀಳುತ್ತದೆ. ಕಾದಂಬರಿ ಇದನ್ನು ಮುಚ್ಚಿಟ್ಟಿಲ್ಲ. ಆದರೆ ನಮ್ಮ ವಿಮರ್ಶೆ ದಶಕಗಳ ಕಾಲ ತಲೆಕೆಡಿಸಿಕೊಂಡಿದ್ದು ಹೆಚ್ಚಾಗಿ ಪ್ರಾಣೇಶಾಚಾರ್ಯನ ಸಂಕಟದ ಬಗ್ಗೆ, ಅಗ್ರಹಾರದ ಒಂದು ಹೆಣದ ಬಗ್ಗೆ. ಸಂಸ್ಕಾರದ ಪ್ರಶ್ನೆಯೇ ಏಳದೆ ಉರಿದುಹೋದ ಆ ಗುಡಿಸಲನ್ನು ಓದುವುದೇ ದಲಿತ ವಿಮರ್ಶೆಯ ಮೊದಲ ಪಾಠವಾಗಬೇಕಿತ್ತು.

3

ಮುಂಬಯಿಯಿಂದ ಪ್ಲೇಗು ರೈಲು ಹತ್ತಿ ನಮ್ಮ ಕಡೆಗೆ ಬಂತು. ಹುಬ್ಬಳ್ಳಿ ರೈಲಿನ ದೊಡ್ಡ ಜಂಕ್ಷನ್. ಅಲ್ಲಿಂದ 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಹತ್ತಿ, ಧಾನ್ಯ, ಕೂಲಿಯಾಳು ಯಾವ ಹಾದಿಯಲ್ಲಿ ಓಡಾಡಿದರೋ ರೋಗವೂ ಅದೇ ಹಾದಿ ಹಿಡಿಯಿತು. ಅಭಿವೃದ್ಧಿಯ ಹಾದಿಯೇ ಸಾವಿನ ಹಾದಿಯೂ ಆಯಿತು.

ಬೆಂಗಳೂರಿನ ಚರಿತ್ರೆಯಲ್ಲಿ ಪ್ಲೇಗಿಗೆ ಒಂದು ಒಳ್ಳೆಯ ಹೆಸರಿದೆ. ಅದರಿಂದಾಗಿ ಮಲ್ಲೇಶ್ವರ, ಬಸವನಗುಡಿ ಬೆಳೆದವು, ಅಗಲ ರಸ್ತೆ ಬಂತು, ಚರಂಡಿ ಬಂತು, ದಂಡು ಪ್ರದೇಶದಲ್ಲಿ ಫ್ರೇಜರ್ ಟೌನ್ ಬಂತು ಅಂತ ಹೇಳುತ್ತಾರೆ. ಇದು ನಿಜ. ಆದರೆ ಯಾರಿಗಾಗಿ ಬಂತು? ಹೊಸ ಬಡಾವಣೆಗಳಲ್ಲಿ ಬ್ಲಾಕುಗಳನ್ನು ಜಾತಿವಾರು ಹಂಚುವ ಯೋಜನೆ ಇತ್ತು. ಗಾಳಿ ಬೆಳಕು ಬೇಕು ಎಂಬ ಆರೋಗ್ಯದ ಹೊಸ ವಿಜ್ಞಾನವೂ, ಅವರವರು ಅವರವರ ಕೇರಿಯಲ್ಲಿರಬೇಕು ಎಂಬ ಹಳೆಯ ಧರ್ಮಶಾಸ್ತ್ರವೂ ಒಂದೇ ನಕ್ಷೆಯೊಳಗೆ ಕೂಡಿಕೊಂಡವು. ನಿವೇಶನ ಕೊಳ್ಳಬಲ್ಲವನು ರೋಗದಿಂದ ದೂರ ಹೋದ. ಅವನ ಬೀದಿ ಗುಡಿಸುವವಳು ಹಳೆಯ ಪೇಟೆಯ ಸಂದಿಯಲ್ಲೇ ಉಳಿದಳು. ಹೊಸ ಬಡಾವಣೆಗೆ ಬೆಳಗಿನ ಹೊತ್ತು ಪೊರಕೆ ಹಿಡಿದು ಬರುವ ಹಕ್ಕು ಮಾತ್ರ ಅವಳಿಗೆ ಸಿಕ್ಕಿತು. ಅವಳಂಥವರು ತಮಗೆ ತಾವೇ ಕಟ್ಟಿಕೊಂಡದ್ದು ಪ್ಲೇಗಮ್ಮನ ಗುಡಿ. ಬೆಂಗಳೂರಿನಲ್ಲಿ ಇವತ್ತಿಗೂ ಆ ಅಮ್ಮನಿಗೆ ಪೂಜೆ ನಡೆಯುತ್ತದೆ. ಇದನ್ನು ಮೌಢ್ಯ ಎಂದು ನಕ್ಕು ಮುಂದೆ ಹೋಗುವವರು, ಆಸ್ಪತ್ರೆಯ ಬಾಗಿಲು ಆಗ ಯಾರಿಗೆ ಎಷ್ಟು ತೆರೆದಿತ್ತು ಎಂದು ಒಮ್ಮೆ ಕೇಳಿಕೊಳ್ಳಬೇಕು.

4

ಇಪ್ಪತ್ತು ವರ್ಷದ ನಂತರ ಇನ್ನೊಂದು ರೋಗ ಬಂತು. 1918ರ ಬೇಸಿಗೆಯ ಕೊನೆಗೆ ಹಡಗಿನಲ್ಲಿ ಮುಂಬಯಿಗೆ ಇಳಿದ ಇನ್‌ಫ್ಲುಯೆಂಜಾ ಮೊದಲು ಅಷ್ಟಾಗಿ ಕೊಲ್ಲಲಿಲ್ಲ. ಸೆಪ್ಟೆಂಬರಿನಿಂದ ಎದ್ದ ಎರಡನೇ ಅಲೆ ನಾಡನ್ನೇ ಗುಡಿಸಿತು. ಭಾರತದಲ್ಲಿ ಸತ್ತವರು 1.2 ಕೋಟಿಯಿಂದ 1.8 ಕೋಟಿ ಎಂದು ಅಂದಾಜು. ಮುಂಬಯಿ ಪ್ರಾಂತವೊಂದರಲ್ಲೇ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಹೋದರು. ಇಂದಿನ ಭಾರತದ ಎಲ್ಲೆಯೊಳಗೆ ನೋಡಿದರೆ 1911ರಿಂದ 1921ರ ದಶಕದಲ್ಲಿ ಮಾತ್ರ ಜನಸಂಖ್ಯೆ ಹಿಂದಿನ ಗಣತಿಗಿಂತ ಇಳಿಯಿತು, 25.2 ಕೋಟಿಯಿಂದ 25.1 ಕೋಟಿಗೆ. ಮೈಸೂರು ಸಂಸ್ಥಾನ 58.06 ಲಕ್ಷದಿಂದ 59.79 ಲಕ್ಷಕ್ಕೆ ಬಂದು ನಿಂತಿತು. ಹತ್ತು ವರ್ಷದ ಬೆಳವಣಿಗೆ ನೂರಕ್ಕೆ ಮೂರು.

ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಯುದ್ಧದಿಂದ ಧಾನ್ಯದ ಬೆಲೆ ಏರಿತ್ತು. ಅಂದರೆ ರೋಗ ಬಂದದ್ದು ಖಾಲಿ ಹೊಟ್ಟೆಯ ಮೇಲೆ. ಇಪ್ಪತ್ತರಿಂದ ನಲವತ್ತರ ವಯಸ್ಸಿನವರು, ಅಂದರೆ ದುಡಿಯುವ ವಯಸ್ಸಿನವರು, ಹೆಚ್ಚು ಸತ್ತರು. ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ಮನೆಯಲ್ಲಿ ಕೊನೆಗೆ ಉಣ್ಣುವವಳೂ ಅವಳೇ, ಮಲಗಿದವರ ಬಾಯಿಗೆ ನೀರು ಬಿಡುವವಳೂ ಅವಳೇ. ಆಯಿಯ ತಾಯಿ ಏಕೆ ಸತ್ತಳು ಎಂಬುದಕ್ಕೆ ನನಗೆ ಸಿಕ್ಕ ಉತ್ತರ ಇದು.

ಇನ್ನು ಜಾತಿಯ ಲೆಕ್ಕ. ಮುಂಬಯಿ ನಗರದಲ್ಲಿ ಆ ಇನ್‌ಫ್ಲುಯೆಂಜಾಕ್ಕೆ ಸಾವಿರ ಯೂರೋಪಿಯನ್ನರಲ್ಲಿ 8.3 ಜನ ಸತ್ತರು. ಪಾರ್ಸಿಗಳಲ್ಲಿ 9, ಮೇಲಿನ ಜಾತಿಯ ಹಿಂದೂಗಳಲ್ಲಿ 18.9, ಮುಸ್ಲಿಮರಲ್ಲಿ 19.2. ಕೆಳಜಾತಿಯ ಹಿಂದೂಗಳು ಎಂದು ಬರೆದ ಸಾಲಿನಲ್ಲಿ 61.6. ರೋಗಾಣುವಿಗೆ ಜಾತಿಯಿಲ್ಲ ಎಂದು ಭಾಷಣ ಮಾಡುವವರು ಈ ಸಾಲನ್ನು ಓದಬೇಕು. ರೋಗಾಣುವಿಗೆ ಜಾತಿ ಇಲ್ಲದಿರಬಹುದು. ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ ಎಂಬುದಕ್ಕೆ ಜಾತಿಯಿದೆ. ನಲ್ಲಿ ಎಲ್ಲಿದೆ ಎಂಬುದಕ್ಕಿದೆ. ಜ್ವರ ಬಂದವನು ಮರುದಿನ ಕೂಲಿಗೆ ಹೋಗದೆ ಮಲಗಬಹುದೇ ಎಂಬುದಕ್ಕಿದೆ. ಒಂದೇ ನಗರ, ಒಂದೇ ಗಾಳಿ, ಒಂದೇ ಜ್ವರ. ಮೇಲ್ಜಾತಿಯವರಿಗಿಂತ ಮೂರು ಪಟ್ಟಿಗೂ ಹೆಚ್ಚು ಸಾವು ನಮ್ಮವರದ್ದು.

5

ಈ ಸಾವುಗಳು ಮುಂದೆ ಅರ್ಥಶಾಸ್ತ್ರದ ಪುಸ್ತಕಕ್ಕೂ ಬಂದವು. ಬಡ ದೇಶಗಳ ಬೇಸಾಯದಲ್ಲಿ ಹೆಚ್ಚುವರಿ ಜನ ತುಂಬಿದ್ದಾರೆ, ಅವರಲ್ಲಿ ಕೆಲವರನ್ನು ತೆಗೆದರೂ ಬೆಳೆ ಕಡಿಮೆಯಾಗದು ಎಂಬ ವಾದ ಎರಡನೇ ಯುದ್ಧದ ನಂತರ ಬಲವಾಗಿತ್ತು. ಅಮೆರಿಕದ ಅರ್ಥಶಾಸ್ತ್ರಜ್ಞ ಥಿಯೊಡರ್ ಶುಲ್ಟ್ಜ್ 1964ರ ತಮ್ಮ ಪುಸ್ತಕದಲ್ಲಿ ಇದನ್ನು ಪರೀಕ್ಷೆ ಮಾಡಲು ಹೊರಟರು. ಅವರು ಆರಿಸಿಕೊಂಡ ಪರೀಕ್ಷೆ ಭಾರತದ 1918ರ ಇನ್‌ಫ್ಲುಯೆಂಜಾ. ಅವರ ಲೆಕ್ಕದಲ್ಲಿ ಬೇಸಾಯದ ದುಡಿಮೆಗಾರರು ನೂರಕ್ಕೆ ಸುಮಾರು 8ರಷ್ಟು ಕಡಿಮೆಯಾದರು. 1919-20ರಲ್ಲಿ ಬಿತ್ತನೆಯಾದ ನೆಲ 1916-17ಕ್ಕಿಂತ ನೂರಕ್ಕೆ 3.8ರಷ್ಟು ಕಡಿಮೆಯಾಯಿತು. ಆದ್ದರಿಂದ ಅವರಾರೂ ಹೆಚ್ಚುವರಿಯಲ್ಲ ಎಂಬುದು ಅವರ ತೀರ್ಮಾನ. 1967ರಲ್ಲಿ ಅಮರ್ತ್ಯ ಸೇನ್ ಈ ಪರೀಕ್ಷೆಯನ್ನೇ ಪ್ರಶ್ನಿಸಿದರು. ಇಬ್ಬರಿಗೂ ಮುಂದೆ ನೊಬೆಲ್ ಪ್ರಶಸ್ತಿ ಬಂತು.

ನಾನು ಅರ್ಥಶಾಸ್ತ್ರಜ್ಞನಲ್ಲ. ಈ ವಾಗ್ವಾದವನ್ನು ಮೊದಲ ಸಲ ಓದಿದಾಗ ನನಗೆ ಅನಿಸಿದ್ದು ಇಷ್ಟು: ಆಯಿಯ ತಾಯಿ ಹೆಚ್ಚುವರಿಯೋ ಅಲ್ಲವೋ ಎಂಬುದನ್ನು ತಿಳಿಯಲು ಅವಳು ಸಾಯಬೇಕಾಯಿತಲ್ಲ! ಶುಲ್ಟ್ಜ್ ಪರವಾಗಿ ನಾನು ಒಂದು ಮಾತು ಹೇಳಬಲ್ಲೆ. ಅವರು ಅಂಕಿಯಲ್ಲಿ ಹೇಳಿದ್ದನ್ನು ಆಯಿ ಅಚ್ಚೇರು, ಎರಡು ಸೇರಿನ ಲೆಕ್ಕದಲ್ಲಿ ಹೇಳಿದ್ದಳು. ಆದರೆ ಆ ಲೆಕ್ಕ ಪ್ರಾಂತವಾರು, ಜಾತಿವಾರು ಅಲ್ಲ. ಹೊಲ ಯಾರದು, ಕೈ ಯಾರದು ಎಂಬ ಪ್ರಶ್ನೆ ಅದರೊಳಗೆ ಬರಲೇ ಇಲ್ಲ. ಭೂಮಿ ಇದ್ದವನೊಬ್ಬ ಸತ್ತರೆ ಅವನ ಹೊಲ ಅಣ್ಣತಮ್ಮಂದಿರಿಗೆ ಹೋಗುತ್ತದೆ. ಭೂಮಿ ಇಲ್ಲದವನು ಸತ್ತರೆ ಬೇರೆಯವರ ಹೊಲ ಬೀಳುಬೀಳುತ್ತದೆ. ಇವೆರಡೂ ಒಂದೇ ಸಾವಲ್ಲ.

ಇಲ್ಲಿ ಒಂದು ಕಾಕತಾಳೀಯವನ್ನು ಗಮನಿಸಬೇಕು. ಅದೇ 1918ರಲ್ಲಿ ಬಾಬಾಸಾಹೇಬರು ಸಣ್ಣ ಹಿಡುವಳಿಗಳ ಸಮಸ್ಯೆಯ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಅವರೂ ಬೇಸಾಯದಲ್ಲಿ ಕೆಲಸವಿಲ್ಲದೆ ಕುಳಿತ ಜನ ಹೆಚ್ಚಿದ್ದಾರೆ, ನೆಲದ ಮೇಲಿನ ಭಾರ ಇಳಿಯಬೇಕು ಎಂದರು. ಹಾಗಾದರೆ ಅವರೂ ನಮ್ಮನ್ನು ಹೆಚ್ಚುವರಿ ಅಂದರೆ? ಇಲ್ಲ. ವ್ಯತ್ಯಾಸ ಪರಿಹಾರದಲ್ಲಿದೆ. ಆ ಜನರಿಗೆ ಕೈಗಾರಿಕೆಯಲ್ಲಿ ಕೆಲಸ ಬೇಕು, ದುಡಿಯುವ ಅವಕಾಶ ಬೇಕು ಎಂಬುದು ಅವರ ಉತ್ತರ. ಮನುಷ್ಯ ಹೆಚ್ಚುವರಿಯಲ್ಲ, ಅವನನ್ನು ಕಟ್ಟಿಹಾಕಿದ ವ್ಯವಸ್ಥೆಯೇ ಅವನನ್ನು ಹೆಚ್ಚುವರಿ ಮಾಡಿದೆ. ಅವರ ಲೇಖನವನ್ನು ನಾನು ಓದುವುದು ಹೀಗೆ.

6

ಯೂರೋಪಿನ ಚರಿತ್ರೆ ಓದಿದವರು ಒಂದು ಮಾತು ಹೇಳುತ್ತಾರೆ. ಹದಿನಾಲ್ಕನೇ ಶತಮಾನದ ಪ್ಲೇಗಿನ ನಂತರ ಅಲ್ಲಿ ಆಳಿನ ಕೊರತೆಯಾಗಿ ಕೂಲಿ ಏರಿತು, ಜೀತ ಸಡಿಲವಾಯಿತು ಅಂತ. 1351ರಲ್ಲಿ ಇಂಗ್ಲೆಂಡಿನಲ್ಲಿ ಕೂಲಿ ಏರದಂತೆ ಕಾನೂನು ಮಾಡಿದರೂ ಅದು ಬಹಳ ಕಾಲ ನಿಲ್ಲಲಿಲ್ಲ. ನಮ್ಮಲ್ಲಿ ಯಾಕೆ ಹಾಗಾಗಲಿಲ್ಲ? ಆಯಿಯ ಎರಡು ಸೇರು ಒಂದೇ ಸುಗ್ಗಿಗೆ ಯಾಕೆ ಮತ್ತೆ ಅಚ್ಚೇರಾಯಿತು?

ಒಂದು ಕಾರಣ ಕಾನೂನು. ಮುಂಬಯಿ ಪ್ರಾಂತದಲ್ಲಿ 1874ರ ವತನ ಕಾಯ್ದೆ ಇತ್ತು. ತುಂಡು ಭೂಮಿಯನ್ನೂ ಊರಿನವರ ಕಾಳನ್ನೂ ತೋರಿಸಿ ಇಡೀ ಕುಲವನ್ನೇ ಸರ್ಕಾರದ ಮತ್ತು ಊರಿನ ಚಾಕರಿಗೆ ಕಟ್ಟಿಹಾಕಿತ್ತು. ಆ ಕೈಗಳು ಸಂತೆಯ ಕೈಗಳಲ್ಲ, ಹುಟ್ಟಿನಿಂದ ಬರೆದುಕೊಟ್ಟ ಕೈಗಳು. ಇದನ್ನು ತಿದ್ದಲು ಅಂಬೇಡ್ಕರ್ ಮುಂಬಯಿ ಶಾಸನ ಸಭೆಯಲ್ಲಿ ಮಸೂದೆ ತಂದದ್ದು 1928ರಲ್ಲಿ. ಎರಡನೆಯ ಕಾರಣ ಮೈಲಿಗೆ. ಗಿರಣಿಯಲ್ಲಿ ಆಳಿಗೆ ಹರಾಜು ನಡೆದ ಮೇಲೂ ಒಳ್ಳೆಯ ಕೂಲಿಯ ನೇಯ್ಗೆ ವಿಭಾಗದಲ್ಲಿ ಅಸ್ಪೃಶ್ಯರಿಗೆ ಜಾಗ ಸಿಗಲಿಲ್ಲ. ಲಾಳಿಗೆ ನೂಲನ್ನು ಬಾಯಿಂದ ಎಳೆಯಬೇಕಿತ್ತು, ಎಂಜಲಾಗುತ್ತದೆ ಎಂದು ಜೊತೆಯ ಕಾರ್ಮಿಕರೇ ಒಪ್ಪಲಿಲ್ಲ. 1928ರ ಗಿರಣಿ ಮುಷ್ಕರದ ಹೊತ್ತಿಗೂ ಅಂಬೇಡ್ಕರ್ ಈ ಪ್ರಶ್ನೆ ಎತ್ತಬೇಕಾಯಿತು. ಮೂರನೆಯದು ನೆಲ. ಸಾವಿರಾರು ಮನೆ ಖಾಲಿಯಾದರೂ ಹೊಲ ನಮ್ಮ ಕಡೆ ಬರಲಿಲ್ಲ. ಕೈಗೆ ಬೆಲೆ ಬಂತು, ಕಾಲಡಿಗೆ ನೆಲ ಬರಲಿಲ್ಲ.

ರಾಜಕೀಯದಲ್ಲಿ ಏನಾಯಿತು? ಮೈಸೂರು ಆಗ ಮಾದರಿ ಸಂಸ್ಥಾನ. 1911ರಲ್ಲಿ ಆರ್ಥಿಕ ಸಮ್ಮೇಳನ, 1913ರಲ್ಲಿ ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ, ಕಾವೇರಿಗೆ ಕನ್ನಂಬಾಡಿ ಕಟ್ಟೆ. 1918ರ ಆಗಸ್ಟ್‌ನಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡುವ ಪ್ರಶ್ನೆ ಅದರದ್ದು. ಅದನ್ನು ಒಪ್ಪದ ದಿವಾನ್ ವಿಶ್ವೇಶ್ವರಯ್ಯ ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ಇದು ನಮಗೆಲ್ಲ ಗೊತ್ತಿರುವ 1918. ಮಿಲ್ಲರ್ ವರದಿಯ ಮಹತ್ವವನ್ನು ನಾನು ಕಡಿಮೆ ಮಾಡುತ್ತಿಲ್ಲ, ಮೀಸಲಾತಿಯ ಚರಿತ್ರೆಯಲ್ಲಿ ಅದು ದೊಡ್ಡ ಮೈಲಿಗಲ್ಲು. ಆದರೆ ಇದೇ ತಿಂಗಳುಗಳಲ್ಲಿ ಕೇರಿ ಕೇರಿಯಲ್ಲಿ ಹೆಣ ಬೀಳುತ್ತಿತ್ತು ಎಂಬುದನ್ನು ಆ ಚರಿತ್ರೆಯ ಪಕ್ಕದಲ್ಲಿಟ್ಟು ಓದಿದವರು ಕಡಿಮೆ. ಹುದ್ದೆಯ ಬಗ್ಗೆ ಚರ್ಚೆ ಇತ್ತು. ಹುದ್ದೆಯ ಹತ್ತಿರಕ್ಕೂ ಬಾರದವರ ಸಾವಿನ ಬಗ್ಗೆ ಅಂಥ ಚರ್ಚೆ ಇರಲಿಲ್ಲ.

ಮುಂಬಯಿಯಲ್ಲಿ ಬೇರೆ ಬಗೆಯ ಸದ್ದು. 1919ರ ಜನವರಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅದೇ ಜನವರಿ 27ರಂದು ಅಂಬೇಡ್ಕರ್ ಸೌತ್‌ಬರೋ ಸಮಿತಿಯ ಮುಂದೆ ನಿಂತು ಅಸ್ಪೃಶ್ಯರಿಗೆ ಅವರದೇ ಪ್ರಾತಿನಿಧ್ಯ ಬೇಕೆಂದರು. 1920ರ ಜನವರಿ 31ರಂದು 'ಮೂಕನಾಯಕ' ಹೊರಟಿತು. ರೋಗ ಇವನ್ನೆಲ್ಲ ಹುಟ್ಟಿಸಿತು ಎಂದು ನಾನು ಹೇಳಲಾರೆ. ರೋಗ ಯಾರನ್ನೂ ಬಿಡುಗಡೆ ಮಾಡುವುದಿಲ್ಲ. ಆದರೆ ಬೆಲೆ ಬಂದ ಕ್ಷಣವನ್ನು ಹಿಡಿದು ನಿಲ್ಲಿಸಿಕೊಳ್ಳಲು ಸಂಘಟನೆ ಬೇಕು, ಪತ್ರಿಕೆ ಬೇಕು, ಸಭೆಯಲ್ಲಿ ಮಾತಾಡುವ ಬಾಯಿ ಬೇಕು ಎಂಬುದು ಆ ಎರಡು ವರ್ಷಗಳಲ್ಲಿ ಎದ್ದು ಕಾಣುತ್ತದೆ. ಆಯಿಯ ಕೇರಿಯಲ್ಲಿ ಆಗ ಅದ್ಯಾವುದೂ ಇರಲಿಲ್ಲ.

7

ಈಗ ನಮ್ಮ ಕಾಲಕ್ಕೆ ಬರೋಣ. 2020ರಲ್ಲಿ ಕೊರೋನಾ ಬಂದಾಗ ಸರ್ಕಾರ ಕೈಗೆತ್ತಿಕೊಂಡದ್ದು ಅದೇ 1897ರ ಕಾಯ್ದೆಯನ್ನು. ಮೇ 5ರಂದು ನಮ್ಮ ರಾಜ್ಯ ಸರ್ಕಾರ ಕಟ್ಟಡ ನಿರ್ಮಾಣ ಉದ್ಯಮಿಗಳ ಜೊತೆ ಮಾತಾಡಿ, ವಲಸೆ ಕಾರ್ಮಿಕರು ಊರಿಗೆ ಹೋಗಬೇಕಿದ್ದ ರೈಲುಗಳನ್ನು ನಿಲ್ಲಿಸಲು ತೀರ್ಮಾನಿಸಿತು. ಎಲ್ಲ ಕಡೆ ಗದ್ದಲವಾದ ಮೇಲೆ ಎರಡೇ ದಿನದಲ್ಲಿ ನಿರ್ಧಾರ ಬದಲಾಯಿತು. ಮೇ 22ರಂದು ಕಾರ್ಖಾನೆಯ ದುಡಿಮೆಯನ್ನು ದಿನಕ್ಕೆ ಹತ್ತು ಗಂಟೆಗೆ ಏರಿಸುವ ಆದೇಶ ಬಂತು, ಜೂನ್‌ನಲ್ಲಿ ಅದನ್ನೂ ಹಿಂತೆಗೆದುಕೊಂಡರು. ಜುಲೈನಲ್ಲಿ, ಬೀದಿಗಿಳಿದು ಸಭೆ ಸೇರಲಾಗದ ಹೊತ್ತಿನಲ್ಲಿ, ಭೂಸುಧಾರಣಾ ಕಾಯ್ದೆಯ ತಿದ್ದುಪಡಿಗೆ ಸುಗ್ರೀವಾಜ್ಞೆ ಬಂತು. ಬೇಸಾಯಗಾರರಲ್ಲದವರೂ ಕೃಷಿಭೂಮಿ ಕೊಳ್ಳಲು ಬಾಗಿಲು ತೆರೆಯಿತು. ಈ ಮೂರನ್ನೂ ಒಟ್ಟಿಗೆ ಓದಿ: ಕೈ ಊರು ಬಿಡಬಾರದು, ಕೈ ಇನ್ನೂ ಹೆಚ್ಚು ಹೊತ್ತು ದುಡಿಯಬೇಕು, ನೆಲ ಮಾತ್ರ ದುಡ್ಡಿದ್ದವನ ಕಡೆ ಹೋಗಬಹುದು. 1897ರ ಗಿರಣಿ ಮಾಲೀಕ ಆಳು ಬೇಕೆಂದು ಕೂಲಿ ಏರಿಸಿದ. ನಮ್ಮ ಕಾಲದವರಿಗೆ ರೈಲು ನಿಲ್ಲಿಸುವುದು ಅದಕ್ಕಿಂತ ಅಗ್ಗ ಎಂದು ಕಂಡಿತು.

ಲೆಕ್ಕದ ಮಾತೂ ಇದೆ. 2020 ಮತ್ತು 2021ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವುಗಳಾದವು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು, ಸರ್ಕಾರ ಅದನ್ನು ಒಪ್ಪಲಿಲ್ಲ. ಅಂಕಿಅಂಶದ ಭಾಷೆಯಲ್ಲೂ ನೋಡಿ, ಅದೇ ಪದ: ಹೆಚ್ಚುವರಿ. ದಿನದಿನದ ಸರ್ಕಾರಿ ಪ್ರಕಟಣೆಗಳಲ್ಲಿ ಸತ್ತವರ ವಯಸ್ಸಿತ್ತು, ಹೆಣ್ಣೋ ಗಂಡೋ ಎಂದಿತ್ತು, ಜಾತಿ ಇರಲಿಲ್ಲ. ನೂರು ವರ್ಷದ ಹಿಂದೆ ವಸಾಹತು ಸರ್ಕಾರ ತನ್ನ ಅನುಕೂಲಕ್ಕೆ ಬರೆದಿಟ್ಟ 61.6 ಎಂಬ ಸಾಲಿನಿಂದ ನಾನು ಇಷ್ಟು ಮಾತಾಡಲು ಸಾಧ್ಯವಾಯಿತು. ನಮ್ಮದೇ ಸರ್ಕಾರದ ಕಾಲದ ಸಾವಿನ ಬಗ್ಗೆ ಮುಂದಿನವರು ಯಾವ ಸಾಲಿನಿಂದ ಮಾತಾಡುತ್ತಾರೆ?

ದಲಿತ ವಿಮರ್ಶೆ ಅಂದರೆ ಕಥೆ ಕವಿತೆಗಳ ವಿಮರ್ಶೆ ಮಾತ್ರ ಎಂದು ನಾವು ಅಂದುಕೊಂಡರೆ ಈ ಕೆಲಸ ಯಾರೂ ಮಾಡುವುದಿಲ್ಲ. ಜನಗಣತಿ ವರದಿಯೂ ಪಠ್ಯ, ಬಡಾವಣೆಯ ನಕ್ಷೆಯೂ ಪಠ್ಯ, ಸುಗ್ರೀವಾಜ್ಞೆಯೂ ಪಠ್ಯ, ಅಜ್ಜಿಯ ಮಾತೂ ಪಠ್ಯ. ಅದಕ್ಕೆ ವಿದ್ಯಾರ್ಥಿ ಗೆಳೆಯರಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ನಿಮ್ಮ ನಿಮ್ಮ ಕೇರಿಗೆ ಹೋಗಿ. 2020, 2021ರಲ್ಲಿ ಗುಂಡಿ ತೋಡಿದವರು ಯಾರು, ಚಿತಾಗಾರದಲ್ಲಿ ಹೆಣ ಇಳಿಸಿದವರು ಯಾರು, ಬೀದಿ ಗುಡಿಸಿದವರು ಯಾರು, ಅವರಿಗೆ ಆಗ ಎಷ್ಟು ಕೊಟ್ಟರು, ಎಷ್ಟು ದಿನ ಕೊಟ್ಟರು, ಯಾವ ತಿಂಗಳಿನಿಂದ ಮತ್ತೆ ಹಳೆಯ ಕೂಲಿಗೆ ಇಳಿಸಿದರು ಎಂದು ಕೇಳಿ ಬರೆದುಕೊಳ್ಳಿ. ಅವರ ಮನೆಯಲ್ಲಿ ಯಾರು ಸತ್ತರು ಎಂದೂ ಕೇಳಿ. ನಾನು ಆಯಿಯನ್ನು ಕೂಲಿಯ ಲೆಕ್ಕ ಕೇಳಿದೆ. ಅವಳ ತಾಯಿಯ ಹೆಸರು ಕೇಳಲು ಮರೆತೆ. ಆಯಿಯೂ ಈಗ ಇಲ್ಲ, ನಮ್ಮ ಮನೆಯಲ್ಲಿ ಆ ಹೆಸರು ಗೊತ್ತಿದ್ದವರು ಯಾರೂ ಉಳಿದಿಲ್ಲ.